ಬೆಳಗಾವಿ ಸುತ್ತಲಿನ ಸಣ್ಣ ಊರಲ್ಲಿ ಮನೆ ಮಾಡೋದಾದರೆ: ದಿಕ್ಕಿನಿಂದ ಉತಾರದವರೆಗೆ

ಬೆಳಗಾವಿಯಲ್ಲಿ ನೌಕರಿ, ಮನೆ ಮಾತ್ರ ಸುತ್ತಲಿನ ಯಾವುದಾದರೂ ಸಣ್ಣ ಊರಲ್ಲಿ. ಹೀಗೆ ಯೋಚಿಸುವವರು ಈಗ ಜಾಸ್ತಿ. ಸಿಟಿಯಲ್ಲಿ ಬಾಡಿಗೆ ಏರಿದೆ, ಪ್ಲಾಟಿನ ದರ ಕೇಳಿದರೆ ಬಾಯಿ ಒಣಗುತ್ತದೆ. ನಿವೃತ್ತಿ ಆದವರಿಗೆ ಗದ್ದಲ ಬೇಡ, ಮಕ್ಕಳಿರುವವರಿಗೆ ಅಂಗಳ ಬೇಕು. ಆಸೆಯೇನೋ ಸರಿ. ಆದರೆ ಹುಡುಕುವ ಕ್ರಮ ಬಹಳ ಜನರದ್ದು ಉಲ್ಟಾ. ಮೊದಲು ಮನೆ ನೋಡುತ್ತಾರೆ, ಮನಸ್ಸಿಗೆ ಬರುತ್ತದೆ, ಸಂಚಕಾರ, ಅಂದರೆ ಮುಂಗಡ, ಕೊಟ್ಟುಬಿಡುತ್ತಾರೆ. ಊರಿನ ನೀರು, ರಸ್ತೆ, ಮನೆಯ ಕಾಗದಪತ್ರ ಇವೆಲ್ಲ ಆಮೇಲೆ ಒಂದೊಂದಾಗಿ ಗೊತ್ತಾಗುತ್ತವೆ.

ನಾನು ಹೇಳುವ ಕ್ರಮ ಇಷ್ಟೇ. ಮೊದಲು ದಿಕ್ಕು, ಆಮೇಲೆ ಊರು, ಆಮೇಲೆ ಓಣಿ, ಕೊನೆಗೆ ಮನೆ. ಇನ್ನೊಂದು ಮಾತು: ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಬಾಡಿಗೆಗೆ ಇದ್ದು ನೋಡದೆ ಖರೇದಿಗೆ ಕೈ ಹಾಕಬೇಡಿ. "ದರ ಏರ್ತದ, ಈಗ್ಲೇ ತಗೊಳ್ರಿ" ಅಂತ ಏಜೆಂಟರು ಹೇಳೇ ಹೇಳುತ್ತಾರೆ. ಹೇಳಲಿ ಬಿಡಿ.

ಹೆಜ್ಜೆ 1: ದಿಕ್ಕು ಆರಿಸಿ

ಬೆಳಗಾವಿ ಇರುವುದು ಸಹ್ಯಾದ್ರಿಯ ಅಂಚಿನಲ್ಲಿ. ಹಾಗಾಗಿ ನಲವತ್ತೈವತ್ತು ಕಿಲೋಮೀಟರ್ ಒಳಗೇ ಮಳೆ ಬದಲಾಗುತ್ತದೆ, ಮಣ್ಣು ಬದಲಾಗುತ್ತದೆ, ಅಂಗಡಿಯಲ್ಲಿ ಕೇಳುವ ಭಾಷೆಯೂ ಬದಲಾಗುತ್ತದೆ. ಖಾನಾಪುರಕ್ಕೂ ಬೈಲಹೊಂಗಲಕ್ಕೂ ಜಿಲ್ಲೆ ಒಂದೇ, ಬದುಕು ಬೇರೆ.

ದಕ್ಷಿಣಕ್ಕೆ ಗೋವಾ ರಸ್ತೆ ಹಿಡಿದರೆ ಸುಮಾರು 26 ಕಿಲೋಮೀಟರಿಗೆ ಖಾನಾಪುರ. ಮಲಪ್ರಭಾ ಹುಟ್ಟುವ ಕಣಕುಂಬಿ ಇದೇ ತಾಲೂಕಿನಲ್ಲಿದೆ. ಹಸಿರು, ತಂಪು, ಹೆಂಚಿನ ಮನೆಗಳು. ಲೋಂಡಾ–ಮೀರಜ್ ರೈಲು ಮಾರ್ಗ ಊರಿನ ಮೇಲೇ ಹಾದುಹೋಗುತ್ತದೆ. ಜೂನ್ ಬಂತೆಂದರೆ ಮಳೆ ಬಿಡುವು ಕೊಡದೆ ಸುರಿಯುತ್ತದೆ. ಬಟ್ಟೆ ಒಣಗೋದಿಲ್ಲ, ಗೋಡೆಗೆ ಬೂಷ್ಟು ಹಿಡಿಯುತ್ತದೆ, ಗಾಳಿಗೆ ಮರ ಬಿದ್ದರೆ ಕರೆಂಟು ಹೋಗುತ್ತದೆ. ಊರಲ್ಲಿ ಮರಾಠಿ ಬಳಕೆ ಬಹಳ. ಮಕ್ಕಳನ್ನು ಕನ್ನಡ ಶಾಲೆಗೆ ಹಾಕುವವರು ಹತ್ತಿರದ ಶಾಲೆ ಯಾವ ಮಾಧ್ಯಮದ್ದು ಅಂತ ಮೊದಲೇ ವಿಚಾರಿಸಿ. ಇದು ದೂರು ಅಲ್ಲ. ಎರಡೂ ಭಾಷೆ ಕಲಿತ ಮಕ್ಕಳಿಗೆ ಅದು ಲಾಭವೇ.

ಆಗ್ನೇಯಕ್ಕೆ ಧಾರವಾಡದ ಕಡೆ ರಾಷ್ಟ್ರೀಯ ಹೆದ್ದಾರಿ 48. ಹಲಗಾ, ಬಸ್ತವಾಡ ಬಳಿ ಸುವರ್ಣ ವಿಧಾನಸೌಧ, ಮುಂದೆ ಹಿರೇಬಾಗೇವಾಡಿ, ಎಂ.ಕೆ. ಹುಬ್ಬಳ್ಳಿ, ಕಿತ್ತೂರು. ಈ ದಿಕ್ಕಿನ ದೊಡ್ಡ ಅನುಕೂಲ ರಸ್ತೆ. ಅದರಲ್ಲೂ ಕಿತ್ತೂರಿಗೆ ಒಂದು ವಿಶೇಷ ಇದೆ. ಗಂಡನಿಗೆ ಬೆಳಗಾವಿಯಲ್ಲಿ, ಹೆಂಡತಿಗೆ ಧಾರವಾಡದಲ್ಲಿ ಕೆಲಸ ಇರುವ ಮನೆಗಳಿಗೆ ಅದು ನಡುವಿನ ಊರು. ಧಾರವಾಡ ಹತ್ತಿರ, ಬೆಳಗಾವಿ ಸುಮಾರು 50 ಕಿಲೋಮೀಟರ್. ಧಾರವಾಡದ ಹೈಕೋರ್ಟ್ ಪೀಠಕ್ಕೋ ಬೇಲೂರು ಕೈಗಾರಿಕಾ ಪ್ರದೇಶಕ್ಕೋ ಹೋಗುವವರಿಗೆ ಬೆಳಗಾವಿಗಿಂತ ಇಲ್ಲಿಂದಲೇ ಸಲೀಸು.

ಪೂರ್ವಕ್ಕೆ ಸಾಂಬ್ರಾ, ಸುಳೇಬಾವಿ. ಸಾಂಬ್ರಾದಲ್ಲಿ ವಿಮಾನ ನಿಲ್ದಾಣ ಇದೆ. ಸಿಟಿಯಿಂದ ಹತ್ತು ಕಿಲೋಮೀಟರ್ ಆಸುಪಾಸು. ಇದನ್ನು ಈಗ ಊರು ಅನ್ನಬೇಕೋ ಸಿಟಿಯ ಬಾಲ ಅನ್ನಬೇಕೋ ಗೊತ್ತಾಗದ ಸ್ಥಿತಿ. ಇನ್ನೂ ಪೂರ್ವಕ್ಕೆ ಬೈಲಹೊಂಗಲದ ಕಡೆ ಹೋದರೆ ಮಳೆ ಕಡಿಮೆ, ಎರೆ ಮಣ್ಣು, ಜವಾರಿ ಕನ್ನಡ, ದೊಡ್ಡ ಪೇಟೆ. ರೈಲು ಇಲ್ಲ.

ಉತ್ತರಕ್ಕೆ ಕಾಕತಿ, ಭೂತರಾಮನಹಟ್ಟಿ, ಹತ್ತರಗಿ, ಸಂಕೇಶ್ವರ. ಹತ್ತರಗಿಯ ವಿಮಾನ ಬಿಡಿಭಾಗ ಕಾರ್ಖಾನೆಗಳಿಗೆ ಹೋಗುವವರಿಗೆ ಈ ದಿಕ್ಕು. ನಿಮ್ಮ ಕೆಲಸ ಮಚ್ಛೆ ಅಥವಾ ಉದ್ಯಮಬಾಗದಲ್ಲಿ ಇದ್ದರೆ ಕಾಕತಿಯಲ್ಲಿ ಮನೆ ಮಾಡಬೇಡಿ. ಅವೆರಡೂ ಖಾನಾಪುರ ರಸ್ತೆಯಲ್ಲಿವೆ. ದಿನಾ ಇಡೀ ಸಿಟಿ ದಾಟಬೇಕಾಗುತ್ತದೆ. ಕೆಲಸ ಸಿಟಿಯ ಯಾವ ಬದಿಗಿದೆಯೋ ಮನೆಯೂ ಆ ಬದಿಗೇ ಇರಬೇಕು. ಇದನ್ನು ಪಾಲಿಸಿದರೆ ಅರ್ಧ ತಲೆನೋವು ಇಲ್ಲೇ ಮುಗಿಯಿತು.

ಹೆಜ್ಜೆ 2: ಅಪ್‌ಡೌನ್ ಲೆಕ್ಕ ಹಾಕಿ

ನಮ್ಮ ಕಡೆ ದಿನಾ ಹೋಗಿ ಬರೋದಕ್ಕೆ ಅಪ್‌ಡೌನ್ ಅಂತಾರೆ. ಕಿಲೋಮೀಟರ್ ಎಷ್ಟು ಅಂತ ಕೇಳಬೇಡಿ, ಮನೆ ಬಾಗಿಲಿನಿಂದ ಆಫೀಸಿನ ಬಾಗಿಲಿಗೆ ಎಷ್ಟು ಹೊತ್ತು ಅಂತ ಕೇಳಿ. ಖಾನಾಪುರದಿಂದ ಸಿಟಿ ಅಂಚಿಗೆ ಬೇಗ ಬರುತ್ತೀರಿ. ಅಲ್ಲಿಂದ ಮೂರನೇ ರೈಲ್ವೆ ಗೇಟ್, ಗೋವಾವೇಸ್ ದಾಟಿ ಒಳಗೆ ಹೋಗೋದೇ ಕಷ್ಟ. ಪರೀಕ್ಷೆ ಮಾಡೋದಾದರೆ ಭಾನುವಾರ ಬೇಡ. ಕೆಲಸದ ದಿನ, ಬೆಳಿಗ್ಗೆ ಎಂಟೂವರೆಗೆ ಆ ಊರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಜನರ ಜೊತೆ ಬಸ್ ಹತ್ತಿ ಬನ್ನಿ. ಸಂಜೆ ಆರಕ್ಕೆ ವಾಪಸ್ ಹೋಗಿ. ಒಂದು ಸಲ ಸುಡುಬಿಸಿಲಲ್ಲಿ, ಒಂದು ಸಲ ಜಡಿಮಳೆಯಲ್ಲಿ ಹೀಗೆ ಮಾಡಿ.

ಈಗ ದುಡ್ಡಿನ ಲೆಕ್ಕ. ಖಾನಾಪುರದಿಂದ ಬೈಕ್ ಮೇಲೆ ಬರುವವರು ದಿನಕ್ಕೆ 52 ಕಿಲೋಮೀಟರ್ ಓಡಿಸುತ್ತಾರೆ. ತಿಂಗಳಿಗೆ 24 ದಿನ ಅಂದರೆ 1,248 ಕಿಲೋಮೀಟರ್. ಗಾಡಿ ಲೀಟರಿಗೆ 45 ಕೊಟ್ಟರೆ ಹೆಚ್ಚುಕಡಿಮೆ 28 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 100 ರೂಪಾಯಿ ಅಂತ ಹಿಡಿದರೂ 2,800 ರೂಪಾಯಿ. ಸರ್ವಿಸ್, ಟೈರ್ ಬೇರೆ. ಬಾಡಿಗೆಯಲ್ಲಿ ಉಳಿಸಿದ್ದರಿಂದ ಇದನ್ನು ಕಳೆಯಿರಿ. ಉಳಿದದ್ದು ನಿಮ್ಮ ನಿಜವಾದ ಉಳಿತಾಯ. ಕಾರ್ ಇದ್ದವರು ಟೋಲ್ ಕೂಡ ಸೇರಿಸಬೇಕು. ಧಾರವಾಡದ ಕಡೆ ಹಿರೇಬಾಗೇವಾಡಿಯಲ್ಲಿ, ಖಾನಾಪುರದ ಕಡೆ ಗಣೇಬೈಲದಲ್ಲಿ, ಸಂಕೇಶ್ವರದ ಕಡೆ ಹತ್ತರಗಿಯಲ್ಲಿ ಟೋಲ್ ನಾಕಾ ಇವೆ. ಬೈಕಿಗೆ ಟೋಲ್ ಇಲ್ಲ. ನಾಕಾದಿಂದ 20 ಕಿಲೋಮೀಟರ್ ಒಳಗೆ ಮನೆ ಇರುವ ಸ್ವಂತ ಕಾರುಗಳಿಗೆ ತಿಂಗಳ ಪಾಸ್ ಸಿಗುತ್ತದೆ. ವಿಳಾಸದ ದಾಖಲೆ ಬೇಕು. 2025ರ ಆಗಸ್ಟ್ 15ರಿಂದ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ (ಬಂದಾಗ 3,000 ರೂಪಾಯಿ ಇತ್ತು) 200 ಸಲ ನಾಕಾ ದಾಟೋದಕ್ಕೆ. ದಿನಾ ಎರಡು ಸಲ ದಾಟುವವರಿಗೆ ಅದು ನೂರು ದಿನಕ್ಕೆ ಮುಗಿಯುತ್ತದೆ. ನಾಕಾದ ಹತ್ತಿರದವರಿಗೆ ತಿಂಗಳ ಪಾಸೇ ವಾಸಿಯೇ ಅಂತ ಲೆಕ್ಕ ಮಾಡಿ ನೋಡಿ. ನಾಕಾದ ಈಚೆಗೇ ಮನೆ ಸಿಕ್ಕರೆ ಈ ಗೊಡವೆಯೇ ಇಲ್ಲ.

ಬಸ್ಸಿನ ಲೆಕ್ಕ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಸಿಟಿಗೆ ಹೋಗುವವರಿದ್ದರೆ ದೂರದ ಊರೂ ಹಗುರವಾಗುತ್ತದೆ. ಸೀಟು ಸಿಗೋದು ಮಾತ್ರ ನಸೀಬು. ಕೊನೆಯ ಬಸ್ ಎಷ್ಟಕ್ಕೆ ಅಂತ ಡಿಪೋದವರನ್ನು ಕೇಳಿ, ನಿಜಕ್ಕೂ ಬರುತ್ತದಾ ಅಂತ ಸ್ಟ್ಯಾಂಡಿನ ಚಹಾದಂಗಡಿಯವರನ್ನು ಕೇಳಿ. ಎರಡು ಉತ್ತರ ಬೇರೆ ಬಂದರೆ ಚಹಾದಂಗಡಿಯವರದ್ದನ್ನು ನಂಬಿ.

ಇನ್ನೂ ಆಗದ ರಸ್ತೆ, ಇನ್ನೂ ಬಾರದ ರೈಲು ನಂಬಿ ಮನೆ ಹಿಡಿಯಬೇಡಿ. ಧಾರವಾಡ–ಕಿತ್ತೂರು–ಬೆಳಗಾವಿ ಹೊಸ ರೈಲು ಮಾರ್ಗದ ಮಾತು ಎಷ್ಟೋ ವರ್ಷದ್ದು. ಹಲಗಾ–ಮಚ್ಛೆ ಬೈಪಾಸ್ ರೈತರ ವಿರೋಧ, ಕೋರ್ಟು ಅಂತ ವರ್ಷಗಟ್ಟಲೆ ಎಳೆಯಿತು. ಪ್ಲಾಟ್ ಮಾರುವವರ ಬಾಯಲ್ಲಿ ಮಾತ್ರ ಇವೆಲ್ಲ ಮುಂದಿನ ವರ್ಷವೇ ಮುಗಿಯುತ್ತವೆ!

ಒಂದು ಸಣ್ಣ ವಿಷಯ. ಡಿಸೆಂಬರ್‌ನಲ್ಲಿ ಸುವರ್ಣಸೌಧದಲ್ಲಿ ಅಧಿವೇಶನ ನಡೆದಾಗ ಹಲಗಾ, ಕೊಂಡಸಕೊಪ್ಪ ಕಡೆ ಪ್ರತಿಭಟನೆ, ಬಂದೋಬಸ್ತು ಜೋರು. ಹಿರೇಬಾಗೇವಾಡಿ ಕಡೆಯಿಂದ ಬರುವವರು ಆ ದಿನಗಳಲ್ಲಿ ಅರ್ಧ ಗಂಟೆ ಮೊದಲೇ ಹೊರಡೋದು ರೂಢಿ ಮಾಡಿಕೊಳ್ಳಬೇಕು.

ಹೆಜ್ಜೆ 3: ನೀರು

ಇಲ್ಲಿ ಅವಸರ ಮಾಡಬೇಡಿ. ಉಳಿದ ಎಲ್ಲದಕ್ಕೂ ದುಡ್ಡು ಹಾಕಿ ದಾರಿ ಮಾಡಬಹುದು, ಊರಿಗೇ ನೀರಿಲ್ಲ ಅಂದರೆ ಏನೂ ಮಾಡಲಾಗದು.

"ನೀರು ಐತೇನ್ರಿ?" ಅಂತ ಕೇಳಿದರೆ ಮನೆ ಮಾಲೀಕರು "ಐತ್ರಿ, ಭರಪೂರ" ಅಂತಾರೆ. ಆ ಪ್ರಶ್ನೆ ಕೆಲಸಕ್ಕೆ ಬರೋದಿಲ್ಲ. ಪಕ್ಕದ ಮನೆಯ ಅಂಗಳದಲ್ಲಿರುವ ಹೆಣ್ಣುಮಗಳನ್ನು ಮಾತಾಡಿಸಿ. "ಅಕ್ಕಾರ, ನಳ ಎಷ್ಟ ದಿನಕ್ಕೊಮ್ಮೆ ಬರ್ತೈತ್ರಿ? ಎಪ್ರಿಲ್‌ದಾಗ ಎಷ್ಟಕ್ಕ ಬರ್ತಿತ್ತ್ರಿ?" ಈ ಎರಡನೇ ಪ್ರಶ್ನೆಗೆ ಬರುವ ಉತ್ತರವೇ ಖರೆ ಉತ್ತರ. ಜನವರಿಯಲ್ಲಿ ದಿನ ಬಿಟ್ಟು ದಿನ ಬರುವ ನಳ ಎಪ್ರಿಲ್, ಮೇದಲ್ಲಿ ವಾರಕ್ಕೆ ಜಾರಿರಬಹುದು.

ನೀರಿನ ಮೂಲ ಯಾವುದು ಅಂತ ತಿಳಿದುಕೊಳ್ಳಿ. ಬೆಳಗಾವಿ ಸಿಟಿಗೆ ರಾಕಸಕೊಪ್ಪ ಜಲಾಶಯ ಮತ್ತು ಘಟಪ್ರಭಾದ ಹಿಡಕಲ್ ಜಲಾಶಯದ ನೀರು ಬರುತ್ತದೆ. ಸಿಟಿ ಗಡಿ ದಾಟಿದ ಕೂಡಲೇ ಆ ಭಾಗ್ಯ ಇಲ್ಲದಿರಬಹುದು. ಪಂಚಾಯಿತಿಯ ಕೊಳವೆಬಾವಿ ಅಥವಾ ಹತ್ತಿರದ ನದಿ, ಇಷ್ಟೇ ಆಧಾರ. ಜಲಜೀವನ್ ಮಿಷನ್ ನಳ ಗೋಡೆಗೆ ಕಂಡರೆ ಖುಷಿಪಡುವ ಮೊದಲು ತಿರುಗಿಸಿ ನೋಡಿ, ನೀರು ಬರುತ್ತದೋ ಗಾಳಿ ಬರುತ್ತದೋ ಅಂತ.

ಮಳೆ ಜಾಸ್ತಿ ಇರುವ ಊರಲ್ಲಿ ನೀರೂ ಜಾಸ್ತಿ ಅಂದುಕೊಳ್ಳಬೇಡಿ. ಖಾನಾಪುರ ಕಡೆಯ ಇಳಿಜಾರು ನೆಲದಲ್ಲಿ ಸುರಿದದ್ದೆಲ್ಲ ಹಳ್ಳ ಹಿಡಿದು ಹೋಗುತ್ತದೆ. ಜಂಬಿಟ್ಟಿಗೆ ನೆಲದ ಬಾವಿ ಮಳೆಗಾಲದಲ್ಲಿ ಕೈಗೆ ಎಟುಕುವಷ್ಟು ತುಂಬಿ, ಬೇಸಿಗೆಗೆ ತಳ ಕಾಣಬಹುದು. ಬಾವಿ ಇರುವ ಮನೆ ಅಂದರೆ ಮೇ ತಿಂಗಳಲ್ಲಿ ಬಗ್ಗಿ ನೋಡಿ.

ಪೂರ್ವದ ಕಡೆ ಚಿಂತೆ ಬೇರೆ. ಬೋರ್ ನೀರು ಬಹಳ ಕಡೆ ಗಡಸು. ಇದಕ್ಕೆ ಪ್ರಯೋಗಾಲಯಕ್ಕೆ ಹೋಗುವ ಮೊದಲೇ ಮನೆಯೊಳಗೆ ಸಾಕ್ಷಿ ಸಿಗುತ್ತದೆ. ಬಚ್ಚಲಿನ ನಳದ ಬಾಯಿ ನೋಡಿ, ಬಿಳಿ ಪದರ ಕಟ್ಟಿದೆಯಾ? ನೀರು ಕಾಯಿಸುವ ಪಾತ್ರೆಯ ತಳವನ್ನು ಉಗುರಿನಿಂದ ಕೆರೆದು ನೋಡಿ, ಸುಣ್ಣದಂಥ ಚಕ್ಕೆ ಏಳುತ್ತದಾ? ನನಗೆ ಎಲ್ಲಕ್ಕಿಂತ ನಂಬಿಕೆ ಇರೋದು ತೊಗರಿ ಬೇಳೆ ಮೇಲೆ. ಆ ಊರಿನ ನೀರು ಒಂದು ಕ್ಯಾನ್ ತನ್ನಿ. ಒಂದೇ ಬೇಳೆಯನ್ನು ಎರಡು ಪಾತ್ರೆಯಲ್ಲಿ, ಒಂದಕ್ಕೆ ಆ ನೀರು, ಇನ್ನೊಂದಕ್ಕೆ ಕುಡಿಯುವ ಫಿಲ್ಟರ್ ನೀರು ಹಾಕಿ, ಕುಕ್ಕರ್ ಇಲ್ಲದೆ ಬೇಯಿಸಿ. ಗಡಸು ನೀರಿನ ಬೇಳೆ ಬೆರಳಲ್ಲಿ ಹಿಚುಕಿದರೆ ನಡುವೆ ಗಟ್ಟಿಯಾಗೇ ಇರುತ್ತದೆ. ಅಂಥ ಕಡೆ ಬಾಡಿಗೆ ಹಿಡಿದರೆ ಕುಡಿಯಲು, ಅಡುಗೆಗೆ ಊರಿನ ಶುದ್ಧ ನೀರಿನ ಘಟಕವೇ ಗತಿ. ಅದು ಮನೆಯಿಂದ ಎಷ್ಟು ದೂರ, ಕೆಟ್ಟರೆ ಎಷ್ಟು ದಿನಕ್ಕೆ ರಿಪೇರಿ ಆಗುತ್ತದೆ ಅಂತಲೂ ಕೇಳಿಕೊಳ್ಳಿ. ಕುಡಿಯುವ ನೀರನ್ನು ಒಮ್ಮೆ ಪರೀಕ್ಷೆಗೆ ಕೊಡೋದು ಹೇಗೂ ಒಳ್ಳೆಯದು. ಫ್ಲೋರೈಡ್, ನೈಟ್ರೇಟ್ ಬೇಳೆಗೆ ಗೊತ್ತಾಗೋದಿಲ್ಲ.

ನೀರು ಜಾಸ್ತಿ ಆಗುವ ಕಷ್ಟವೂ ಇದೆ. ಜಿಲ್ಲೆಯಲ್ಲಿ ಯಾರನ್ನು ಕೇಳಿದರೂ 2019ರ ಆಗಸ್ಟ್ ನೆನಪಿದೆ. ಮಲಪ್ರಭಾ, ಘಟಪ್ರಭಾ, ಮಾರ್ಕಂಡೇಯ, ಹಿರಣ್ಯಕೇಶಿ ಎಲ್ಲ ಉಕ್ಕಿದ್ದವು. ಗೋಕಾಕದ ಲೋಳಸೂರ ಸೇತುವೆ ಆಮೇಲೂ ಮುಳುಗಿದೆ, 2021ರಲ್ಲಿ, 2024ರಲ್ಲಿ. "2019ರಾಗ ನೀರ ಎಲ್ಲೀತನಕಾ ಬಂದಿತ್ತ್ರಿ?" ಅಂತ ಕೇಳಿದರೆ ಹಿರಿಯರು ಕೈ ಮಾಡಿ ತೋರಿಸುತ್ತಾರೆ, ಆ ಗುಡಿ ಮೆಟ್ಟಿಲು, ಈ ಕಂಬ ಅಂತ. ನೀವು ನೋಡುತ್ತಿರುವ ಮನೆ ಆ ಗುರುತಿಗಿಂತ ಕೆಳಗಿದ್ದರೆ ಮುಂದೆ ಮಾತೇ ಬೇಡ, ಬಾಡಿಗೆ ಎಷ್ಟೇ ಕಡಿಮೆ ಇರಲಿ. ನದಿಯಿಂದ ದೂರ ಇದ್ದರೂ ಹಳ್ಳ, ನಾಲಾ ನೋಡಿಕೊಳ್ಳಿ. ಬೆಳಗಾವಿಯಲ್ಲೇ ಬಳ್ಳಾರಿ ನಾಲಾ ಉಕ್ಕಿ ಸುತ್ತಲಿನ ಹೊಲಗಳಲ್ಲಿ ನೀರು ನಿಲ್ಲೋದು ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ಒಣಗಿದ ಗಟಾರದಂತೆ ಕಾಣುವ ನಾಲಾ ಪಕ್ಕದಲ್ಲೇ ಪ್ಲಾಟ್ ಹಾಕಿ ಮಾರುವವರಿದ್ದಾರೆ.

ಹೆಜ್ಜೆ 4: ನೆಲ ಮತ್ತು ಗೋಡೆ

ಬೈಲಹೊಂಗಲ ಕಡೆಯ ಎರೆ ಮಣ್ಣು ಜೋಳ, ಕಡಲೆಗೆ ಚಿನ್ನ, ಮನೆಗೆ ತಲೆನೋವು. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಮೇಲಿನ ಮನೆಯೂ ವರ್ಷಕ್ಕೊಮ್ಮೆ ಅದರ ಜೊತೆ ಏರಿಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋದ ಬಿರುಕು ಕಂಡರೆ ಹತ್ತಿರ ಹೋಗಿ. ಕೂದಲೆಳೆಯಷ್ಟಿದ್ದರೆ ಗಿಲಾವಿನ ಬಿರುಕು, ಅದಕ್ಕೆ ಹೆದರಬೇಕಿಲ್ಲ. ಐದು ರೂಪಾಯಿ ನಾಣ್ಯದ ಅಂಚು ಒಳಗೆ ಹೋಗುವಂತಿದ್ದರೆ, ಗೋಡೆಯ ಇನ್ನೊಂದು ಬದಿಯಲ್ಲೂ ಅದೇ ಜಾಗದಲ್ಲಿ ಬಿರುಕಿದ್ದರೆ ಪಾಯವೇ ಅಲುಗಿದೆ ಅಂತ ಅರ್ಥ. ಬಾಗಿಲು ಮಳೆಗಾಲದಲ್ಲಿ ಹೊಸ್ತಿಲಿಗೆ ಉಜ್ಜುತ್ತದಾ ಅಂತ ಇದ್ದವರನ್ನು ಕೇಳಿ. ಹೊಸದಾಗಿ ಬಣ್ಣ ಹೊಡೆದ ಮನೆ ಅಂದರೆ ಎರಡು ಪಟ್ಟು ಎಚ್ಚರ ಇರಲಿ.

ಹೊಸ ಮನೆ ಕೊಳ್ಳುವುದಾದರೆ ಕಟ್ಟಿದ ಗೌಂಡಿಯನ್ನೇ ಹುಡುಕಿ ಕೇಳಿ. ಪಾಯ ಗರಸು ತಾಗುವವರೆಗೆ ಅಗೆದಿದ್ದರಾ? ಪಾಯದ ಮೇಲೆ ಕಾಂಕ್ರೀಟ್ ಪಟ್ಟಿ, ಅಂದರೆ ಪ್ಲಿಂತ್ ಬೀಮ್ ಹಾಕಿದ್ದಾರಾ? ಎರೆ ಮಣ್ಣು ತೆಗೆದು ಗರಸು ತುಂಬಿದ್ದಾರಾ, ಅಥವಾ ತೆಗೆದ ಮಣ್ಣನ್ನೇ ಮತ್ತೆ ಒಳಗೆ ತಳ್ಳಿದ್ದಾರಾ? ಗೌಂಡಿಗಳು ಸಾಮಾನ್ಯವಾಗಿ ಖರೆ ಹೇಳಿಬಿಡುತ್ತಾರೆ.

ಖಾನಾಪುರ ಕಡೆ ಕೆಂಪು ನೆಲ ಗಟ್ಟಿ, ಪಾಯದ ಚಿಂತೆ ಕಡಿಮೆ. ಅಲ್ಲಿ ನೋಡಬೇಕಾದ್ದು ಮೇಲೆ. ಹೆಂಚಿನ ಮನೆ ಅಂದರೆ ಒಳಗೆ ನಿಂತು ದೀಪ ಆರಿಸಿ, ಬೆಳಕು ಎಲ್ಲಿ ತೂರುತ್ತದೆ ನೋಡಿ. ಅಲ್ಲೇ ಸೋರುತ್ತದೆ. ಮಾಡಿನ ಮರಕ್ಕೆ ಗೆದ್ದಲು ಹಿಡಿದಿದೆಯಾ ಅಂತ ತಟ್ಟಿ ನೋಡಿ. ಆರ್‌ಸಿಸಿ ಮನೆಯಾದರೆ ಸ್ಲ್ಯಾಬಿನ ಮೇಲೆ ತಗಡಿನ ಶೆಡ್ ಹಾಕಿದ್ದಾರಾ? ಆ ಮಳೆಯಲ್ಲಿ ಬರೀ ಸ್ಲ್ಯಾಬ್ ನಂಬಿ ಇರುವವರು ಕಡಿಮೆ. ಪಡುವಣ ಗೋಡೆಯ ಒಳಬದಿಗೆ ಅಂಗೈ ಇಟ್ಟು ನೋಡಿ. ಮಳೆ ಬಡಿಯೋದು ಆ ಕಡೆಯಿಂದ, ತಂಪು ಮೊದಲು ಇಳಿಯೋದೂ ಅಲ್ಲೇ. ಗೋಡೆಯ ಬುಡದಲ್ಲಿ ಉಪ್ಪಿನಂಥ ಬಿಳಿ ಪುಡಿ ಇದ್ದರೆ ನೆಲದ ತೇವ ಮೇಲೇರುತ್ತಿದೆ. ಟ್ರಂಕು, ಹಾಸಿಗೆ, ಪುಸ್ತಕ ಆ ಗೋಡೆಗೆ ತಾಗಿಸಿ ಇಡುವಂತಿಲ್ಲ.

ಹೆಜ್ಜೆ 5: ಓಣಿಯಲ್ಲಿ ಒಂದು ಸುತ್ತು

ಒಂದೇ ಊರಲ್ಲಿ ಒಂದು ಓಣಿ ಚಂದ, ಮುಂದಿನದು ಬೇಡ ಅನಿಸುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂಬತ್ತಕ್ಕೆ, ಸಂತೆಯ ದಿನ ಹೀಗೆ ಬೇರೆ ಬೇರೆ ಹೊತ್ತಲ್ಲಿ ನಡೆದು ನೋಡಿ. ಕಿರಾಣಿ ಅಂಗಡಿಯಲ್ಲಿ ಏನಾದರೂ ಕೊಂಡು ನಿಂತರೆ ಅರ್ಧ ಊರಿನ ವಿಷಯ ಗೊತ್ತಾಗುತ್ತದೆ. ಮನೆ ಯಾಕೆ ಖಾಲಿ ಆಯ್ತು ಅಂತ ಅಂಗಡಿ ಕಾಕಾರನ್ನೇ ಕೇಳಿ, ಮಾಲೀಕರನ್ನಲ್ಲ.

ಈ ಜಿಲ್ಲೆಯಲ್ಲಿ ಕಬ್ಬನ್ನು ಮರೆಯುವಂತಿಲ್ಲ. ಕಾಕತಿ, ಎಂ.ಕೆ. ಹುಬ್ಬಳ್ಳಿ, ಸಂಕೇಶ್ವರ ಹೀಗೆ ಎಲ್ಲ ದಿಕ್ಕಿಗೂ ಸಕ್ಕರೆ ಕಾರ್ಖಾನೆ ಇವೆ. ನವೆಂಬರ್ ಹೊತ್ತಿಗೆ ಹಂಗಾಮು ಶುರುವಾದರೆ ಬೇಸಿಗೆ ಮುಟ್ಟುವವರೆಗೆ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರ್. ಎರಡೆರಡು ಟ್ರೇಲರ್, ಹಿಂದೆ ಕೆಂಪು ದೀಪ ಇಲ್ಲ, ಮುಂದೆ ಹಾಡಿನ ಡೆಕ್ ಜೋರು. ರಾತ್ರಿ ಬೈಕ್ ಮೇಲೆ ಬರುವವರಿಗೆ ಇದು ನಿಜವಾದ ಅಪಾಯ. ಕಾರ್ಖಾನೆ ಹತ್ತಿರದ ಊರಲ್ಲಿ ಗಾಳಿ ಈ ಕಡೆ ತಿರುಗಿದರೆ ಒಣಹಾಕಿದ ಬಟ್ಟೆ ಮೇಲೆ ಕರಿ ಬೂದಿ, ಮೂಗಿಗೆ ಕಾರ್ಖಾನೆ ಗಸಿಯ, ಅಂದರೆ ಮಳ್ಳಿಯ ವಾಸನೆ. ಆಗಸ್ಟ್‌ನಲ್ಲಿ ಮನೆ ನೋಡಿ ಹೋದವರಿಗೆ ಇದರ ಸುಳಿವೇ ಸಿಗೋದಿಲ್ಲ.

ಆಸ್ಪತ್ರೆ ವಿಷಯದಲ್ಲಿ ಒಂದೇ ಪ್ರಶ್ನೆ: ನಡುರಾತ್ರಿ ಎದೆನೋವು ಬಂದರೆ ಎಲ್ಲಿಗೆ? ತಾಲೂಕು ಆಸ್ಪತ್ರೆ ಜ್ವರಕ್ಕೆ, ಹೆರಿಗೆಗೆ ಸಾಕು. ದೊಡ್ಡದಕ್ಕೆ ಬೆಳಗಾವಿಯ ಬಿಮ್ಸ್ ಅಥವಾ ಕೆಎಲ್‌ಇಗೇ ಬರಬೇಕು. ಮನೆಯಲ್ಲಿ ಹೃದ್ರೋಗಿಗಳೋ ಡಯಾಲಿಸಿಸ್ ಮಾಡಿಸುವವರೋ ಇದ್ದರೆ ಕಿತ್ತೂರು, ಸಂಕೇಶ್ವರದ ಆಸೆ ಬಿಟ್ಟು ಸಾಂಬ್ರಾ, ಕಾಕತಿ ಆಚೆ ಹೋಗಬೇಡಿ. ಮೊಬೈಲ್ ಸಿಗ್ನಲ್ ಮನೆಯೊಳಗೆ, ಅಡುಗೆಮನೆಯಲ್ಲೂ ನಿಂತು ನೋಡಿ. ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಂತೂ ಇದು ಬೇಕೇ ಬೇಕು.

ಹೆಜ್ಜೆ 6: ಮೊದಲು ಬಾಡಿಗೆ

ಎಪ್ರಿಲ್ ಕೊನೆಗೆ ಅಥವಾ ಮೇದಲ್ಲಿ ಹೋಗಿ ಸೇರಿಕೊಳ್ಳಿ. ಶಾಲೆ ಬದಲಾಯಿಸಲೂ ಅದೇ ಹೊತ್ತು. ನೀರು ಎಲ್ಲಕ್ಕಿಂತ ಕಡಿಮೆ ಇರುವ ತಿಂಗಳಲ್ಲಿ ಶುರು ಮಾಡಿ, ಮಳೆಗಾಲ ನೋಡಿ, ಕಬ್ಬಿನ ಹಂಗಾಮು ನೋಡಿ, ಮತ್ತೆ ಬೇಸಿಗೆಗೆ ಬಂದರೆ ಊರಿನ ಪೂರ್ತಿ ಸ್ವಭಾವ ಗೊತ್ತಾಗುತ್ತದೆ.

ಕರಾರು ಪತ್ರ ರೂಢಿಯಂತೆ 11 ತಿಂಗಳದ್ದು. ವರ್ಷಕ್ಕಿಂತ ಹೆಚ್ಚಿನದಾದರೆ ನೋಂದಣಿ ಮಾಡಿಸಬೇಕಾಗುತ್ತದೆ, ಅದಕ್ಕೇ ಈ 11. ಸಣ್ಣ ಊರಲ್ಲಿ "ಕಾಗದ ಯಾಕ್ರಿ, ನಾವೇನ್ ಹೊರಗಿನವರಾ?" ಅಂತಾರೆ. ಪ್ರೀತಿಯಿಂದಲೇ "ನನ್ನ ಆಫೀಸಿಗೆ ಬೇಕ್ರಿ ಕಾಕಾ" ಅಂತ ಹೇಳಿ ಮಾಡಿಸಿಕೊಳ್ಳಿ. ಡಿಪಾಸಿಟ್ ಬ್ಯಾಂಕ್ ಮೂಲಕ ಕೊಡಿ. ಸೋರುವ ಮಾಡು, ಕೆಟ್ಟ ಬೋರ್ ಮೋಟಾರ್ ಯಾರ ಖರ್ಚಲ್ಲಿ ರಿಪೇರಿ ಅಂತ ಬರೆದಿರಲಿ. ಜಗಳ ಬರೋದೇ ಈ ಎರಡಕ್ಕೆ.

ಹೆಸ್ಕಾಂ ಮೀಟರ್ ನಿಮ್ಮ ಮನೆಗೆ ಬೇರೆ ಇದೆಯಾ ನೋಡಿ. ಬೇರೆ ಇದ್ದರೆ ಬಾಡಿಗೆದಾರರಿಗೂ ಗೃಹಜ್ಯೋತಿ ಸಿಗುತ್ತದೆ. ಮಾಲೀಕರ ಜೊತೆ ಒಂದೇ ಮೀಟರ್ ಆದರೆ ಇಬ್ಬರ ಯೂನಿಟ್ಟೂ ಸೇರಿ ಮಿತಿ ದಾಟಿ, ತಿಂಗಳ ಕೊನೆಗೆ ಮುಖ ಕೆಡುತ್ತದೆ. ಸೇರಿದ ದಿನ ಮೀಟರ್ ರೀಡಿಂಗ್ ಫೋಟೋ ತೆಗೆದಿಟ್ಟುಕೊಳ್ಳಿ.

ಹೆಜ್ಜೆ 7: ಖರೇದಿಗೆ ಕಾಗದ ನೋಡೋದು

ಊರು ಒಪ್ಪಿತು, ಈಗ ಸ್ವಂತದ್ದು ಬೇಕು. ಇಲ್ಲಿ ಮತ್ತೆ ನಿಧಾನ ಮಾಡಿ.

ಮೊದಲು ಆ ಜಾಗ ಯಾರ ಹದ್ದಿಗೆ ಬರುತ್ತದೆ ತಿಳಿಯಿರಿ. ಹಿರೇಬಾಗೇವಾಡಿಯಂಥ ಕಡೆ ಗ್ರಾಮ ಪಂಚಾಯಿತಿ, ಖಾನಾಪುರ, ಕಿತ್ತೂರಲ್ಲಿ ಪಟ್ಟಣ ಪಂಚಾಯಿತಿ, ಬೈಲಹೊಂಗಲ, ಸಂಕೇಶ್ವರದಲ್ಲಿ ಪುರಸಭೆ. ಆಸ್ತಿಯ ಆನ್‌ಲೈನ್ ದಾಖಲೆ ಗ್ರಾಮ ಪಂಚಾಯಿತಿಯದ್ದಾದರೆ ಇ-ಸ್ವತ್ತು, ಪಟ್ಟಣಗಳದ್ದಾದರೆ ಇ-ಆಸ್ತಿ. ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಇದ್ದರೆ ಸಕ್ರಮ ಆಸ್ತಿ. 11ಬಿ ಅಂದರೆ ಪಂಚಾಯಿತಿ ಪಟ್ಟಿಯಲ್ಲಿ ಹೆಸರಿದೆ, ತೆರಿಗೆ ತುಂಬುತ್ತಾರೆ, ಆದರೆ ಬೇಕಾದ ಅನುಮತಿಗಳು ಇಲ್ಲ. "ಎರಡೂ ಒಂದೇ ರೀ, ಬರೀ ನಂಬರ್ ಬೇರೆ" ಅನ್ನುವವರಿಂದ ಎದ್ದು ಬನ್ನಿ. ಬ್ಯಾಂಕಿನವರು ಸಾಲಕ್ಕೆ ಕೇಳೋದು ಮೊದಲನೆಯದನ್ನೇ.

ಪ್ಲಾಟ್ ಆದರೆ ಎನ್ಎ ಆದೇಶದ ಪ್ರತಿ ಕೇಳಿ. ಹೊಲವನ್ನು ವಸತಿಗೆ ಪರಿವರ್ತಿಸಲು ಜಿಲ್ಲಾಧಿಕಾರಿ ಕೊಟ್ಟ ಆದೇಶ ಅದು. ಅದರ ಜೊತೆ ಮಂಜೂರಾದ ಲೇಔಟ್ ನಕ್ಷೆ ಬೇಕು. ಬೆಳಗಾವಿ ಸುತ್ತಲ ಯೋಜನಾ ಪ್ರದೇಶದೊಳಗೆ ಅದಕ್ಕೆ ಬುಡಾ (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿಗೆ ಇರಬೇಕು. ಲೇಔಟ್ 500 ಚದರ ಮೀಟರಿಗಿಂತ ದೊಡ್ಡದಾಗಿದ್ದು ಹೊಸದಾಗಿ ಮಾರುತ್ತಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಇದೆಯಾ ನೋಡಿ. ಗುಂಠೆ ಲೆಕ್ಕದಲ್ಲಿ, ಬಾಂಡ್ ಪೇಪರ್ ಮೇಲೆ ಹೊಲದ ತುಂಡು ಮಾರೋದು ನಮ್ಮ ಕಡೆ ಹಳೇ ಚಾಳಿ. ಒಂದು ಗುಂಠೆ ಅಂದರೆ 1,089 ಚದರ ಅಡಿ, ಎಕರೆಗೆ 40 ಗುಂಠೆ. ಅಗ್ಗ ಅನಿಸುತ್ತದೆ. ಆದರೆ ಬಾಂಡ್ ಮೇಲೆ ಬರೆದುಕೊಟ್ಟದ್ದರಿಂದ ಮಾಲೀಕತ್ವ ಬರೋದಿಲ್ಲ. ಉತಾರದಲ್ಲಿ, ಅಂದರೆ ಆಸ್ತಿಯ ಸರ್ಕಾರಿ ದಾಖಲೆಯಲ್ಲಿ, ಹೆಸರು ಹಳೆಯ ರೈತರದ್ದೇ ಇರುತ್ತದೆ. ಅವರ ಮಕ್ಕಳು ನಾಳೆ ವಾರಸಾ ಮಾಡಿಸಿಕೊಂಡು ಬಂದರೆ ನಿಮ್ಮ ಕೈಯಲ್ಲಿ ಇರೋದು ಬರೀ ಕಾಗದ.

ಪಹಣಿ ತೆಗೆದರೆ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ನೇ ಕಾಲಂನಲ್ಲಿ ಹಕ್ಕು ಮತ್ತು ಋಣಗಳು. ನಮ್ಮ ಕಡೆ ಬೋಜಾ ಅನ್ನೋದು ಇದನ್ನೇ. ಸೊಸೈಟಿ ಸಾಲ ಬಹಳ ಕಡೆ ಅಲ್ಲೇ ಕೂತಿರುತ್ತದೆ. ತೀರಿಸಿದ್ದೇವೆ ಅಂದರೆ ಬೋಜಾ ಕಡಿಮೆ ಆದ ಹೊಸ ಪಹಣಿ ತೋರಿಸಲಿ. ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರಕ್ಕೆ ಅರ್ಜಿ ಹಾಕಿ. ಹಳೆಯ ವರ್ಷಗಳದ್ದು ಆನ್‌ಲೈನ್ ಸಿಗದಿದ್ದರೆ ಉಪನೋಂದಣಿ ಕಚೇರಿಯಿಂದ ತೆಗೆಸಿ, 30 ವರ್ಷದ್ದಾದರೂ ನೋಡಿ.

ಪಿತ್ರಾರ್ಜಿತ ಆಸ್ತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ವ್ಯಾಜ್ಯ ಬರೋದು ಅಕ್ಕತಂಗಿಯರ ಸಹಿ ಇಲ್ಲದ್ದಕ್ಕೆ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಸ್ಪಷ್ಟ ಮಾಡಿದೆ. "ಅವರಿಗೆ ಮದುವೆಯಲ್ಲೇ ಕೊಟ್ಟಾಗಿದೆ" ಅನ್ನೋದು ಕೋರ್ಟಲ್ಲಿ ನಡೆಯೋದಿಲ್ಲ. ವಂಶಾವಳಿ ತರಿಸಿ, ಅದರಲ್ಲಿ ಇರುವ ಪ್ರತಿಯೊಬ್ಬರ ಸಹಿ ಖರೇದಿ ಪತ್ರದ ಮೇಲೆ ಇರಲಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಕೊಳ್ಳುವಂತಿಲ್ಲ. ಖಾನಾಪುರ ತಾಲೂಕಿನಲ್ಲಿ ಕಾಡಿಗೆ ಹತ್ತಿದ ಜಾಗ ಆದರೆ ಅರಣ್ಯದ ಗಡಿಯನ್ನೂ ಖಚಿತ ಮಾಡಿಕೊಳ್ಳಿ. ಸರ್ವೆ ನಂಬರ್ ಎಲ್ಲಿ ಬರುತ್ತದೆ ಅಂತ ದಿಶಾಂಕ್ ಆ್ಯಪ್‌ನಲ್ಲಿ ಜಾಗದ ಮೇಲೇ ನಿಂತು ನೋಡಬಹುದು. ಮೋಜಣಿ (ಸರ್ಕಾರಿ ಅಳತೆ) ಮಾಡಿಸಿ ಕಲ್ಲು ನೆಡಿಸಿದರೆ ಇನ್ನೂ ಗಟ್ಟಿ. ಈ ಕಾಗದಗಳನ್ನೆಲ್ಲ ನಿಮ್ಮದೇ ವಕೀಲರಿಗೆ ತೋರಿಸಿ. ಮಾರುವವರು ಕರೆತಂದ ವಕೀಲರಿಗಲ್ಲ.

ಸಂಚಕಾರ ಕೊಡೋದು ಇದೆಲ್ಲ ಮುಗಿದ ಮೇಲೆ, ಅದೂ ಚೆಕ್ಕಿನಲ್ಲಿ. ನೋಂದಣಿ ಆದ ಮೇಲೂ ಕೆಲಸ ಉಳಿದಿರುತ್ತದೆ. ಉತಾರದಲ್ಲಿ ನಿಮ್ಮ ಹೆಸರು ಸೇರುವವರೆಗೆ ಕಚೇರಿಗೆ ಓಡಾಡುತ್ತಿರಿ. ಹಳೆಯ ಮನೆಪಟ್ಟಿ, ನಳಪಟ್ಟಿ ಬಾಕಿ ತುಂಬಿದ ರಸೀದಿ ಕೇಳಿ ಇಸಿದುಕೊಳ್ಳಿ. ಮೀಟರ್ ಮತ್ತು ನಳ ನಿಮ್ಮ ಹೆಸರಿಗೆ ಮಾಡಿಸಿ. ಆಮೇಲೆ ಗೌಂಡಿಗೆ ಫೋನ್ ಮಾಡಬಹುದು.